ಅಂಗಡಿ ಅತ್ತಿಯ ಹಿಂದಿನ ಬಾಗಿಲು

ಅಂಗಡಿ ಅತ್ತಿ ಕಣ್ಣು ಒರೆಸಿಕೊಳ್ಳುತ್ತಿದ್ದುದು ಮೊಣಕೈಯಿಂದ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಬಾಳು ಕಳೆದವರ ಬೆರಳು ಕಣ್ಣಿನ ಹತ್ತಿರ ಹೋಗಬಾರದು, ಹೋದರೆ ಅರ್ಧ ದಿನ ಅಳಬೇಕು. ಅವರ ಅಂಗೈಯ ಗೆರೆಗಳಲ್ಲಿ ಕೆಂಪು ಕೂತುಬಿಟ್ಟಿತ್ತು, ಮದರಂಗಿ ಹಚ್ಚಿ ಬಹಳ ದಿನವಾದ ಕೈಯ ಹಾಗೆ. ಮೆಣಸಿನಕಾಯಿ ಮುಟ್ಟದ ದಿನವೂ, ರೇಷ್ಮೆ ಸೀರೆ ಉಟ್ಟು ಮದುವೆಗೆ ಬಂದಾಗಲೂ, ಕಣ್ಣಲ್ಲಿ ನೀರು ಬಂದರೆ ಮೊಣಕೈ ಮಡಚಿ ಮೇಲೆತ್ತುತ್ತಿದ್ದರು. ಹೊಸಬರಿಗೆ ಅವರು ಯಾರಿಗೋ ಹೊಡೆಯಲು ಹೊರಟ ಹಾಗೆ ಕಾಣುತ್ತಿತ್ತು.

ಅವರು ನಮಗೆ ರಕ್ತಸಂಬಂಧಿ ಅಲ್ಲ. ಬ್ಯಾಡಗಿಯಲ್ಲಿ ನಮ್ಮ ಮನೆಯ ಗೋಡೆಗೆ ಅವರ ಮನೆಯ ಗೋಡೆ. ಗಂಡ ತೀರಿಕೊಂಡ ಮೇಲೆ ಅಡತಿ ಅಂಗಡಿಯನ್ನು ತಾವೇ ಹಿಡಿದು ನಡೆಸಿದರು. ಸುತ್ತಲಿನ ರೈತರ ಮಾಲು ಅವರಲ್ಲಿ ಇಳಿಯುತ್ತಿತ್ತು, ಅದನ್ನು ಕೊಳ್ಳಲು ತಮಿಳುನಾಡಿನಿಂದಲೂ ಖರೀದಿದಾರರು ಬರುತ್ತಿದ್ದರು. ಅವರ ಜೊತೆ ಜಗಳಾಡಿ ಜಗಳಾಡಿಯೇ ಅತ್ತಿ ಒಂದಿಷ್ಟು ತಮಿಳು ಕಲಿತರು. ನಮ್ಮ ಅವ್ವನಿಗೆ ಅವರು ಅಕ್ಕಾರು, ನನಗೆ ಅತ್ತಿ, ಊರಿಗೆಲ್ಲ ಅಂಗಡಿ ಅವ್ವಾರು.

ಸುಗ್ಗಿಯಲ್ಲಿ ಬ್ಯಾಡಗಿ ಪೇಟೆ ನೋಡಿದವರಿಗೆ ಗೊತ್ತು, ಚೀಲ ಇಡಲು ಅಂಗೈಯಗಲ ಜಾಗ ಸಿಗುವುದಿಲ್ಲ. ಎಲ್ಲ ಅಂಗಡಿಗಳಲ್ಲೂ ಹಿಂದಿನ ಬಾಗಿಲು ಚೀಲಗಳ ಅಡಿ ಮುಚ್ಚಿಹೋಗುತ್ತದೆ. ಅತ್ತಿಯ ಅಂಗಡಿಯಲ್ಲಿ ಮಾತ್ರ ಆ ಬಾಗಿಲಿನ ಮುಂದೆ ಒಂದು ಚೀಲವೂ ಇರುತ್ತಿರಲಿಲ್ಲ. ಹಮಾಲರು ಗೊಣಗುತ್ತಿದ್ದರು.

"ಅವ್ವಾರ, ಇಲ್ಲಿ ಇಪ್ಪತ್ತು ಚೀಲ ಹಿಡೀತಾವ್ರಿ. ಈ ಬಾಗಲಾದಾಗ ಯಾರ ಬರ್ತಾರ ಅಂತ ಕಾಯ್ತೀರಿ?"

"ಮುಂದಿನ ಬಾಗಲಾ ಲಕ್ಷ್ಮಿಗೆ, ಹಿಂದಿನ ಬಾಗಲಾ ನಮಗ. ಚೀಲ ತಗೀರಿ," ಎನ್ನುತ್ತಿದ್ದರು ಅತ್ತಿ.

ಅದರ ಹಿಂದಿನ ಸಂಗತಿಯನ್ನು ನನಗೆ ಒಮ್ಮೆ ಮಾತ್ರ ಹೇಳಿದರು. ಅವರು ಹೊಸದಾಗಿ ಮದುವೆಯಾಗಿ ಬಂದ ಕಾಲದಲ್ಲಿ ಪಕ್ಕದ ಓಣಿಯ ಒಂದು ಗೋದಾಮಿಗೆ ಬೆಂಕಿ ಬಿತ್ತಂತೆ. ಮೆಣಸಿನಕಾಯಿ ಸುಟ್ಟ ಹೊಗೆ ಬೆಂಕಿಗಿಂತ ಮೊದಲೇ ಮನುಷ್ಯನನ್ನು ಹಿಡಿಯುತ್ತದೆ. ಒಬ್ಬ ಹಮಾಲ ಒಳಗೇ ಉಳಿದ. "ಹಿಂದಿನ ಬಾಗಲಾ ಇತ್ತು, ಯವ್ವಾ. ಅದರ ಮುಂದ ಚೀಲ ಇದ್ವು," ಎಂದು ಹೇಳಿ ಅತ್ತಿ ಮಾತು ಬೇರೆ ಕಡೆ ತಿರುಗಿಸಿದರು.

ಶ್ರೀಲಂಕಾಕ್ಕೆ ಹೋಗುವ ಆಸೆ ಹುಟ್ಟಿದ್ದು ಅವರಿಗೇ. ಓಣಿಯ ಹೆಂಗಸರನ್ನು ಒಬ್ಬೊಬ್ಬರಾಗಿ ಒಪ್ಪಿಸಿದರು. ಗಂಡಸರು ಬೇಡ ಎಂಬುದು ಅವರ ಷರತ್ತು, "ಅವರು ಬಂದ್ರ ನಾವು ಅಲ್ಲೂ ಚಹಾ ಮಾಡಬೇಕಾಕ್ಕೈತಿ." ನಾನು ರಾಣೆಬೆನ್ನೂರಿನ ಕಾಲೇಜಿನಲ್ಲಿ ಪಾಠ ಮಾಡುವವಳು. ಇಂಗ್ಲಿಷ್ ಬರುತ್ತದೆ ಎಂದು ನನ್ನನ್ನೂ ಸೇರಿಸಿಕೊಂಡರು. ಮೊಣಕಾಲು ನೋವಿನ ಅವ್ವ ಬರುವುದಿಲ್ಲ ಎಂದಳು. ಅತ್ತಿ ಬಿಡಲಿಲ್ಲ.

ಹೊರಡುವ ಮೊದಲು ಎಲ್ಲರೂ ಕದರಮಂಡಲಗಿಯ ಹನುಮಪ್ಪನ ದರ್ಶನಕ್ಕೆ ಹೋದೆವು. ಕಾಯಿ ಒಡೆಸಿಕೊಂಡು ಹೊರಗೆ ಕೂತಾಗ ಅತ್ತಿ ತಮ್ಮ ಚೀಲದಿಂದ ಎಲೆ ಅಡಿಕೆ ಸಂಚಿಗಳನ್ನು ತೆಗೆದು ಎಲ್ಲರಿಗೂ ಒಂದೊಂದು ಹಂಚಿದರು. ನಮ್ಮ ಕಡೆಯ ಅಜ್ಜಿಯರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರಲ್ಲ, ಅಂಥವೇ, ಸ್ವಲ್ಪ ದೊಡ್ಡವು.

"ಪಾಸ್‌ಪೋರ್ಟು ಇದರಾಗ. ಇಳಕೊಂಡ ಹೊಟೇಲಿನ ಕಾರ್ಡು ಇದರಾಗ. ಜಳಕಕ್ಕ ಹೋಗೂತನಕಾ ಸೊಂಟದಿಂದ ತಗೀಬಾರದು. ಬಿ.ಪಿ. ಗುಳಿಗಿ ಎರಡ ಕಡೆ ಇಟ್ಕೋರಿ, ಅರ್ಧ ಇದರಾಗ, ಅರ್ಧ ಸೂಟ್‌ಕೇಸಿನಾಗ. ಪಾಸ್‌ಪೋರ್ಟಿನ ಫೋಟೋ ಊರಾಗ ಇರೂ ನನ್ನ ಮಗನ ಫೋನಿಗೆ ಈಗ ಕಳಸ್ರಿ."

"ಎಲ್ಲಾರ ಪಾಸ್‌ಪೋರ್ಟೂ ನಿಮ್ಮ ಹಂತ್ಯಾಕ ಇರ್ಲಿ ಬಿಡ್ರಿ ಅಕ್ಕಾರ. ನೀವು ಹುಷಾರ್ ಇರ್ತೀರಿ," ಎಂದಳು ಅವ್ವ.

"ನಾ ಕಳದು ಹೋದ್ರ? ಆವಾಗ ಎಲ್ಲಾರೂ ಕೂಡಿ ಅಲ್ಲೇ ರೊಟ್ಟಿ ಅಂಗಡಿ ಇಡೂಣೇನು?"

ಒಬ್ಬಾಕೆ ಮುಖ ಗಂಟಿಕ್ಕಿದಳು. "ದೇವರ ಮುಂದ ಕುಂತು ಕಳಿಯೂ ಮಾತು ಯಾಕ್ರೀ? ಹೊಂಟಾಗ ಅಪಶಕುನ."

"ಹನುಮಪ್ಪನೂ ಸಮುದ್ರ ದಾಟಿ ಹೋಗೂ ಮುಂದ ರಾಮನ ಉಂಗುರ ಗುರುತಿಗಂತ ತಗೊಂಡ ಹೋಗಿದ್ದ. ಅಂವಗ ಅಪಶಕುನ ಆಗಿಲ್ಲ, ನಿನಗ ಆಕ್ಕೈತಿ?"

ಎಲ್ಲರೂ ನಕ್ಕರು. ಸಂಚಿಗಳು ಸೊಂಟ ಸೇರಿದವು.

ಶ್ರೀಲಂಕಾದ ಕ್ಯಾಂಡಿ ಊರಿನ ಹೊಟೇಲಿಗೆ ನಾವು ತಲುಪಿದ್ದು ಬೆಳಿಗ್ಗೆ. ನಾಲ್ಕನೆಯ ಮಹಡಿಯಲ್ಲಿ ಕೋಣೆಗಳು. ಎಲ್ಲರಿಗೂ ಚಹಾದ ಆಸೆ. ಅತ್ತಿ ಮಾತ್ರ ಲಿಫ್ಟಿನಿಂದ ಹೊರಬಂದವರೇ, "ಮೊದ್ಲ ಹಿಂದಿನ ಬಾಗಲಾ ನೋಡಿ ಬರೂಣು, ಆಮ್ಯಾಲ ಚಹಾ," ಎಂದರು. ಹೆಂಗಸರು ಗೊಣಗುತ್ತ ಸೆರಗು ಸಿಕ್ಕಿಸಿಕೊಂಡು ಅವರ ಹಿಂದೆ ನಡೆದರು. ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ ಒಂದು ಇಕ್ಕಟ್ಟಾದ ಮೆಟ್ಟಿಲು ಇತ್ತು. ಅದನ್ನು ಪೂರ್ತಿ ಇಳಿದೆವು. ಅವ್ವ ಮೊಣಕಾಲು ಹಿಡಿದುಕೊಂಡು ಪ್ರತಿ ತಿರುವಿನಲ್ಲೂ ಅತ್ತಿಯನ್ನು ಬೈದಳು. ಕೆಳಗಿನ ಬಾಗಿಲಿನ ಮುಂದೆ ಮೈಲಿಗೆ ಹಾಸಿಗೆ ಬಟ್ಟೆಯ ಗಂಟುಗಳು ಎದೆಯೆತ್ತರ ಬಿದ್ದಿದ್ದವು.

ಅತ್ತಿ ಅಲ್ಲೇ ನಿಂತುಬಿಟ್ಟರು. ತಮ್ಮ ಪೇಟೆ ತಮಿಳಿನಲ್ಲಿ ಕೆಲಸದವರನ್ನು ಕರೆದರು. ಅವರಲ್ಲಿ ಒಬ್ಬನಿಗೆ ತಮಿಳು ತಿಳಿಯುತ್ತಿತ್ತು. ಆತ ನಾಳೆ ತೆಗೆಯುತ್ತೇನೆ ಎಂದ. ಅತ್ತಿ ಒಂದು ಗಂಟಿನ ಮೇಲೆ ಕೂತರು. ನನಗೆ ನಾಚಿಕೆಯಾಗಿ, "ಅತ್ತಿ, ಇದು ನಮ್ಮ ಅಂಗಡಿ ಅಲ್ರಿ," ಎಂದೆ.

"ಹೊಗಿಗೆ ಅದು ಗೊತ್ತಾಗಾಂಗಿಲ್ಲ," ಎಂದರು. ಗಂಟುಗಳು ಅಲ್ಲಿಂದ ಹೋದ ಮೇಲೆ ಬಾಗಿಲು ನೂಕಿ, ಹೊರಗಿನ ಓಣಿ ನೋಡಿ, ಆಮೇಲೆ ಚಹಾ ಕುಡಿದರು.

ಮರುದಿನ ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಅಡ್ಡಾಗಿದ್ದೆವು. ಬಾಗಿಲಿಗೆ ಲೋಹ ಬಡಿದ ಸದ್ದಾಯಿತು. ಅತ್ತಿ ಎಲ್ಲಿ ಹೋದರೂ ಒಯ್ಯುವ ತಮ್ಮ ತಂಬಿಗೆಯಿಂದ ಒಂದೊಂದೇ ಬಾಗಿಲು ಬಡಿಯುತ್ತ ಬರುತ್ತಿದ್ದರು. "ಏಳ್ರಿ! ಹೊಗಿ ಐತಿ! ಟವೆಲ್ ನೀರಾಗ ಅದ್ದಿ ಮೂಗಿಗೆ ಹಿಡೀರಿ! ಚೀಲ ಮುಟ್ಟಬ್ಯಾಡ್ರಿ!" ನನಗೆ ಆಗ ಏನೂ ವಾಸನೆ ಬಂದಿರಲಿಲ್ಲ. ಬಾಗಿಲು ತೆರೆದಾಗ ಬಂತು, ವೈರು ಸುಟ್ಟ ಕಮಟು. ಲಿಫ್ಟಿನ ಕಡೆಯಿಂದ ಕಪ್ಪು ಹೊಗೆ ಚಾವಣಿಗೆ ಅಂಟಿಕೊಂಡು ನಮ್ಮ ಕಡೆ ಬರುತ್ತಿತ್ತು. ಮುಂದಿನ ಮೆಟ್ಟಿಲು ಕಾಣುತ್ತಲೇ ಇರಲಿಲ್ಲ.

"ಬಗ್ಗಿ ನಡೀರಿ. ಮುಂದಿನಾಕಿ ಸೆರಗ ಹಿಡ್ಕೋರಿ. ನಿನ್ನೆ ನೋಡಿದ ದಾರಿ."

ಆ ದಾರಿ ನಮ್ಮ ಕಾಲುಗಳಿಗೆ ಗೊತ್ತಿತ್ತು. ಅಷ್ಟೇ ಗೊತ್ತಿತ್ತು. ನಾನು ನಮ್ಮ ಗುಂಪಿನ ಅತಿ ಹಿರಿಯ ಅಜ್ಜಿಯ ತೋಳು ಹಿಡಿದು ಮುಂದೆ ಇದ್ದೆ, ಅವ್ವ ಹಿಂದೆ ಎಲ್ಲೋ ಇದ್ದಳು. ಕೆಳಗಿನ ಬಾಗಿಲು ನೂಕಿದಾಗ ಅದು ತೆರೆದುಕೊಂಡು ಬಿಸಿಲು ಮುಖಕ್ಕೆ ಬಡಿದದ್ದು ನನಗೆ ಈಗಲೂ ಇದ್ದಕ್ಕಿದ್ದಂತೆ ನೆನಪಾಗುತ್ತದೆ, ತರಗತಿಯಲ್ಲಿ ಪಾಠ ಮಾಡುವಾಗಲೂ. ಒಂದು ದಿನ ಮೊದಲು ಆ ಬಾಗಿಲಿನ ಮುಂದೆ ಏನಿತ್ತು ಎಂಬುದು ಅದರ ಹಿಂದೆಯೇ ನೆನಪಾಗುತ್ತದೆ.

ಓಣಿಯಲ್ಲಿ ಅತ್ತಿ ಎಲ್ಲರ ಮುಖ ನೋಡಿದರು. "ತಂಗಿ ಎಲ್ಲಿ?"

ಅವರು ತಂಗಿ ಎನ್ನುತ್ತಿದ್ದುದು ನಮ್ಮ ಅವ್ವನಿಗೆ. ಕೊನೆಗೆ ಇಳಿದುಬಂದಾಕೆ ಕೆಮ್ಮುತ್ತ ಹೇಳಿದಳು, "ಪಾಸ್‌ಪೋರ್ಟ್ ಸೂಟ್‌ಕೇಸಿನಾಗ ಉಳೀತು ಅಂದ್ಲು. ತರ್ತೀನಿ ಅಂತ ತಿರುಗಿ ಮ್ಯಾಲ ಹೋದ್ಲು. ಹಿಡದೆ, ಕೊಸರಿಕೊಂಡ್ಲು."

ನಾನು ಬಾಗಿಲಿಗೆ ಓಡಿದೆ. ಅತ್ತಿ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ಆ ಹಿಡಿತದ ಗುರುತು ಮರುದಿನವೂ ಇತ್ತು.

"ನೀ ಹೊಗಿ ಕಂಡಾಕಿ ಅಲ್ಲ. ಬೆಂಕಿ ಆರಿಸೋರು ಬಂದ್ರ ಇಂಗ್ಲಿಷಿನಾಗ ಹೇಳಾಕ ನೀ ಬೇಕು. ಎರಡು ಜೀವ ಒಳಗ ಅದಾವ, ಹಿಂದಿನ ಮೆಟ್ಟಲದಾಗ ಅಂತ ಹೇಳು."

ಎರಡು ಜೀವ ಎಂದರೇನೆಂದು ನನಗೆ ಅರ್ಥವಾಗುವಷ್ಟರಲ್ಲಿ ತಂಬಿಗೆ ನನ್ನ ಕೈಯಲ್ಲಿತ್ತು, ಅತ್ತಿ ಒದ್ದೆ ಟವೆಲ್ ಮುಖಕ್ಕೆ ಸುತ್ತಿಕೊಂಡು ಬಗ್ಗಿ ಒಳಗೆ ಹೋಗಿದ್ದರು. ಒಮ್ಮೆ ಹೊರಬಿದ್ದವರು ಏನೇ ಆದರೂ ತಿರುಗಿ ಒಳಗೆ ಹೋಗಬಾರದು ಎಂದು ನಮಗೆ ಹೇಳಿಕೊಟ್ಟವರು ಅವರೇ.

ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಯಾರ್ಯಾರೋ ಓಡಾಡಿದರು. ಕೆಂಪು ಗಾಡಿಯವರು ಬಂದಾಗ ಹೇಳಬೇಕಾದದ್ದನ್ನು ಹೇಳಿದೆ. ಅವರು ಬಾಗಿಲು ಸೇರುವ ಮೊದಲೇ, ನೆಲದ ಮಟ್ಟದಲ್ಲಿ, ಹೊಗೆಯೊಳಗಿಂದ ಒಂದು ಕೈ ಹೊಸ್ತಿಲ ಮೇಲೆ ಬಂತು. ಮಸಿಯಾಗಿತ್ತು. ಅತ್ತಿ ಅಂಬೆಗಾಲಿನಲ್ಲಿ ಬಂದರು. ಇನ್ನೊಂದು ಕೈಯಲ್ಲಿ ಅವ್ವನ ಸೆರಗು, ಸೆರಗಿನ ಹಿಂದೆ ಅವ್ವ.

ಅವ್ವ ಕೋಣೆಯನ್ನು ಮುಟ್ಟಿಯೇ ಇರಲಿಲ್ಲ. ಮೂರನೆಯ ಮಹಡಿಯ ತಿರುವಿನಲ್ಲಿ ಕಣ್ಣು ಕಾಣದೆ ಗೋಡೆಗೆ ಒರಗಿ ಕೂತಿದ್ದಳಂತೆ. "ಯಾವ ಕಡೆ ಮ್ಯಾಲೆ, ಯಾವ ಕಡೆ ಕೆಳಗ ತಿಳೀಲಿಲ್ಲ. ಅಕ್ಕಾರ ಬೈಗುಳ ಕೇಳಿಸ್ತು. ಅದರ ಕಡೆ ಕೈ ಚಾಚಿದೆ," ಎಂದು ಈಗಲೂ ಹೇಳುತ್ತಾಳೆ.

ರಸ್ತೆಯ ಅಂಚಿನಲ್ಲಿ ಇಬ್ಬರಿಗೂ ನೀರು ಕುಡಿಸಿದೆವು. ಅತ್ತಿ ಬಹಳ ಹೊತ್ತು ಕೆಮ್ಮಿದರು, ಮೊಣಕೈಯಿಂದ ಕಣ್ಣು ಒರೆಸಿಕೊಂಡರು. ಉಸಿರು ಬಂದ ಕೂಡಲೇ ಅವ್ವನ ಸೊಂಟದ ಸಂಚಿ ಮುಟ್ಟಿ ನೋಡಿದರು.

"ತುಂಬೇತಲ್ಲ! ಏನೈತಿ ಇದರಾಗ?"

ಅವ್ವ ತಲೆ ತಗ್ಗಿಸಿದಳು. "ಎಲಿ ಅಡಿಕಿ, ಅಕ್ಕಾರ. ಪಾಸ್‌ಪೋರ್ಟೂ ಇದರಾಗ ಇಟ್ರ ಸುಣ್ಣ ಹತ್ತತೈತಿ ಅಂತ ಅದನ್ನ ಸೂಟ್‌ಕೇಸಿನಾಗ ರೊಟ್ಟಿ ಕೆಳಗ ಇಟ್ಟಿದ್ದೆ."

ಅತ್ತಿ ಅವಳನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆವು. "ಹಂಗಾರ ಒಂದ ಎಲಿ ಮಡಚಿ ಕೊಡ," ಎಂದರು. "ಬಾಯಿ ಎಲ್ಲಾ ಮಸಿ ಆಗೇತಿ." ಗುರುತಿಲ್ಲದ ಊರಿನ ರಸ್ತೆಯಲ್ಲಿ ಬರಿಗಾಲಿನಲ್ಲಿ ಕೂತು ನಾವೆಲ್ಲ ಅಳುತ್ತ ನಕ್ಕೆವು.

ಸೂಟ್‌ಕೇಸುಗಳು ನಮಗೆ ಮತ್ತೆ ಸಿಗಲಿಲ್ಲ. ಉಳಿದವರ ಪಾಸ್‌ಪೋರ್ಟುಗಳು ಸೊಂಟದಲ್ಲಿದ್ದವು. ಅವ್ವನದಕ್ಕೆ ಬ್ಯಾಡಗಿಯಿಂದ ಅತ್ತಿಯ ಮಗ ಕಳಿಸಿದ ಫೋಟೋ ತೋರಿಸಿ, ನಮ್ಮ ದೇಶದ ಕಚೇರಿಗೆ ಎರಡು ದಿನ ಓಡಾಡಿ ಊರಿಗೆ ಮರಳುವ ಕಾಗದ ಮಾಡಿಸಿಕೊಂಡೆವು. ಅವ್ವ ಆ ಎರಡೂ ದಿನ ಬಿ.ಪಿ. ಗುಳಿಗೆಯನ್ನು ಸಂಚಿಯಿಂದಲೇ ತೆಗೆದು ನುಂಗಿದಳು. ಗುಳಿಗೆಯ ವಿಷಯದಲ್ಲಿ ಮಾತ್ರ ಅಕ್ಕಾರ ಮಾತು ಕೇಳಿದ್ದಳು.

ಊರಿಗೆ ಬಂದ ಮೇಲೆ ಅತ್ತಿ ಆ ಕತೆಯನ್ನು ಎಲ್ಲರೆದುರು ಹೇಳುತ್ತಿದ್ದರು, ಆದರೆ ಅವರ ಕತೆಯಲ್ಲಿ ಇರುತ್ತಿದ್ದುದು ಎಲೆ ಅಡಿಕೆಯೇ. ಒಳಗೆ ಹೋಗಿ ಬಂದದ್ದನ್ನು ಬಿಟ್ಟುಬಿಡುತ್ತಿದ್ದರು. ಕೆಮ್ಮು ಮಾತ್ರ ಅವರನ್ನು ಬಿಡಲಿಲ್ಲ. ಹಾವೇರಿಯ ಡಾಕ್ಟರು ಇದು ಮೆಣಸಿನಕಾಯಿ ಧೂಳಿನ ಹಳೆಯ ಕೆಮ್ಮು, ಮೊದಲಿನಿಂದ ಎದೆಯಲ್ಲಿದ್ದದ್ದು ಎಂದರು. ಅವ್ವ ನಂಬಲಿಲ್ಲ. ದಿನವೂ ಕಷಾಯ ಒಯ್ದು ಅವರ ಮುಂದೆ ಹಿಡಿಯುತ್ತಿದ್ದಳು.

"ಜನ್ಮ ಪೂರ್ತಿ ಘಾಟು ಕುಡದಾಕಿ ನಾನು," ಎನ್ನುತ್ತಿದ್ದರು ಅತ್ತಿ. "ನಿನ್ನ ಹೊಟೇಲಿನ ಹೊಗಿ ನನ್ನ ಮುಂದ ಯಾವ ಲೆಕ್ಕ? ಅಳಬ್ಯಾಡ. ಕಷಾಯ ಉಪ್ಪಾಕ್ಕೈತಿ."

ಈ ವರ್ಷ ಸುಗ್ಗಿ ಮುಗಿದು ಪೇಟೆ ಖಾಲಿಯಾದ ಹೊತ್ತಿಗೆ ಅತ್ತಿ ತೀರಿಕೊಂಡರು. ಡಾಕ್ಟರು ಹೇಳಿದ್ದು ನಿಜವೋ ಅವ್ವ ತಿಳಿದದ್ದು ನಿಜವೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅವ್ವ ಇದ್ದಾಳೆ. ನಾನು ಕಾಲೇಜಿನಿಂದ ಫೋನು ಮಾಡಿದರೆ ಎತ್ತುತ್ತಾಳೆ, ಮೊಣಕಾಲು ನೋವು ಎನ್ನುತ್ತಾಳೆ. ಅದನ್ನು ಕೇಳುವಾಗೆಲ್ಲ ನನಗೆ ಹೊಸ್ತಿಲ ಮೇಲೆ ಬಂದ ಆ ಮಸಿ ಕೈ ಕಾಣುತ್ತದೆ.

ಅವರ ಶಿವಗಣಾರಾಧನೆಯನ್ನು ಹಾವೇರಿಯ ಒಂದು ಕಲ್ಯಾಣ ಮಂಟಪದಲ್ಲಿ ಇಟ್ಟುಕೊಂಡಿದ್ದರು, ಅಷ್ಟು ಜನ. ಅವ್ವನನ್ನು ಒಂದು ಕುರ್ಚಿಯಲ್ಲಿ ಕೂರಿಸಿ ನಾನು ಅತ್ತಿಯ ಫೋಟೋಕ್ಕೆ ಹೂವು ಏರಿಸಿ ಬರಲು ಹೋದೆ. ತಿರುಗಿ ಬಂದಾಗ ಕುರ್ಚಿ ಖಾಲಿ. ಹುಡುಕಿಕೊಂಡು ಊಟದ ಮನೆಯ ಹಿಂದಕ್ಕೆ ಹೋದೆ. ಅಲ್ಲಿ ನಮ್ಮ ಪ್ರವಾಸದ ಹೆಂಗಸರೆಲ್ಲ ಇದ್ದರು. ಯಾರೂ ಯಾರನ್ನೂ ಕರೆದಿರಲಿಲ್ಲವಂತೆ. ಮಂಟಪದವರು ಹಿಂದಿನ ಬಾಗಿಲಿಗೆ ಅಡ್ಡವಾಗಿ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಅವ್ವ ಮೊಣಕಾಲಿನ ಮೇಲೆ ಒಂದು ಕೈ ಊರಿ, ಇನ್ನೊಂದು ಕೈಯಿಂದ ಅವುಗಳನ್ನು ಎಳೆಯುತ್ತಿದ್ದಳು.

ಬಡಿಸುವವನೊಬ್ಬ ಓಡಿ ಬಂದ. "ಅವ್ವಾರ, ಇವನ್ಯಾಕ ತಗೀತೀರಿ? ಈ ಬಾಗಲಾದಾಗ ಯಾರ ಬರ್ತಾರ?"

"ಯಾರೂ ಬರಾಂಗಿಲ್ಲಪಾ," ಎಂದಳು ಅವ್ವ. "ಇದು ನಾವು ಹೋಗೂ ಬಾಗಲಾ. ಆ ಕಡೆ ಹಿಡಿ."

ಆತ ಹಿಡಿದ. ನಾನೂ ಹಿಡಿದೆ. ಕುರ್ಚಿಗಳೆಲ್ಲ ಸರಿದ ಮೇಲೆ ಅವ್ವ ಚಿಲಕ ತೆಗೆದು ಬಾಗಿಲು ನೂಕಿದಳು, ಹೊರಗಿನ ಓಣಿಯನ್ನು ಅತ್ತಿತ್ತ ನೋಡಿದಳು. ಆಮೇಲೆ ನಾವು ಊಟಕ್ಕೆ ಕೂತೆವು.