ತಾತನ ಅಂಗೈಯಲ್ಲಿದ್ದ ಲಿಂಗ

ತಾತ, ನಿನ್ನ ಲಿಂಗವನ್ನು ಕಳೆದವಳು ನಾನು. ಕೊನೆಯ ಆರು ವರ್ಷ ನೀನು ಅಂಗೈಯಲ್ಲಿಟ್ಟು ಪೂಜಿಸಿದ್ದು, ನಿನ್ನೊಡನೆ ಮಣ್ಣಿಗೆ ಹೋದದ್ದು — ಎಳೆವಯಸ್ಸಿನಲ್ಲಿ ಗುರುಗಳು ನಿನಗೆ ಕಟ್ಟಿದ ಲಿಂಗವಲ್ಲ. ಚಾಮರಾಜನಗರದ ಒಂದು ವಿಭೂತಿ ಅಂಗಡಿಯಲ್ಲಿ ನಾನು ಅವಸರವಾಗಿ ಕೊಂಡದ್ದು.

ಆಪರೇಷನ್ನಿಗೆ ಕರೆದೊಯ್ಯುವ ಮುಂಚೆ ಮೈಮೇಲಿನದನ್ನೆಲ್ಲ ತೆಗೆಯಬೇಕೆಂದು ನರ್ಸು ಹೇಳಿದಾಗ ನೀನು ಪಕ್ಕದಲ್ಲೇ ಇದ್ದ ಅಪ್ಪನಿಗೂ ಕೊಡಲಿಲ್ಲ. ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಕೊರಳಿಂದ ತೆಗೆದು ನನ್ನ ಕೈಗಿಟ್ಟೆ.

"ನಿನ್ ಕೈಲೇ ಇರ್ಲಿ ಕಣಮ್ಮಿ. ಎಲ್ಲೂ ಮಡಗ್ಬ್ಯಾಡ."

ನಾನು ಬಲು ಜಾಣೆ. ಬೆಳ್ಳಿ ಕಳುವಾದೀತೆಂದು ಕರಡಿಗೆಯನ್ನು ಬ್ಯಾಗಿನ ತಳಕ್ಕೆ ಹಾಕಿ, ಲಿಂಗವನ್ನು ಮಾತ್ರ ಕರ್ಚೀಫಿನಲ್ಲಿ ಸುತ್ತಿ ಹಿಡಿದುಕೊಂಡೆ. ಅಪ್ಪನಿಗೆ ತಿಂಡಿ ತರಲು ಹೊರಟವಳು ಬಿಸಿಲಿಗೆ ಮೈಮರೆತು ಅದೇ ಕರ್ಚೀಫನ್ನು ಕೊಡವಿ ಮುಖ ಒರೆಸಿಕೊಂಡಿದ್ದೆ. ಹೋಟೆಲಿನ ಮುಂದೆ ನಿಂತಾಗಲೇ ನೆನಪಾದದ್ದು. ಆ ರಸ್ತೆಯಲ್ಲಿ ನಾಲ್ಕು ಸಲ ಹೋಗಿಬಂದೆ, ಚರಂಡಿಯ ಅಂಚಿನಲ್ಲೂ ಕೈಯಾಡಿಸಿದೆ. ಏನು ಹುಡುಕುತ್ತಿದ್ದೀಯಮ್ಮ ಎಂದು ಹೂವಿನವಳು ಕೇಳಿದ್ದಕ್ಕೆ ಓಲೆಯ ತಿರುಪು ಎಂದೆ. ಸುಳ್ಳು ಅಲ್ಲಿಂದಲೇ ಶುರುವಾಯಿತು.

ಮುತ್ತಾತನ ಲಿಂಗ ಬಾವಿಗೆ ಬಿದ್ದಾಗ, ಅದು ಸಿಗುವವರೆಗೂ ಆತ ಗುಟುಕು ನೀರು ಮುಟ್ಟಲಿಲ್ಲವೆಂದು ನೀನೇ ಹೇಳಿದ್ದೆ. ನೀನೂ ಹಾಗೆಯೇ ಮಾಡಿ ಸತ್ತುಹೋಗುತ್ತೀಯೆಂದು ಹೆದರಿದೆ — ಹಾಗೆಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಮಠದ ಅಯ್ಯನವರಿಗೆ ತಿಳಿಸಿದ್ದರೆ ಅವರೇ ಶಾಸ್ತ್ರವಾಗಿ ಬೇರೆ ಲಿಂಗ ಕಟ್ಟುತ್ತಿದ್ದರು. ಅದು ನನಗೂ ಗೊತ್ತಿತ್ತು. ಮೊಮ್ಮಕ್ಕಳಲ್ಲೆಲ್ಲ ನಾನೊಬ್ಬಳೇ ನಂಬಿಕಸ್ತೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೆಯಲ್ಲ — ಆ ಹೆಸರು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಅಂಗಡಿಯಲ್ಲಿ ಕೊಂಡದ್ದನ್ನು ಕರಡಿಗೆಯೊಳಗಿಟ್ಟು, ನಿನಗೆ ಎಚ್ಚರವಾದಾಗ ಕೊಟ್ಟೆ.

ಮರುದಿನ ಬೆಳಿಗ್ಗೆ ನೀನು ಹಾಸಿಗೆಯ ಮೇಲೆಯೇ ಪೂಜೆಗೆ ಕೂತೆ. ಲಿಂಗವನ್ನು ಎಡಗೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದೆ.

"ತೂಕ ಬ್ಯಾರೆ ಅನ್ನುಸ್ತದಲ್ಲ ಕಣಮ್ಮಿ. ಇದು ನಂದೇನಾ?"

"ನಿಂದೇ ತಾತ. ಮಂಪರು ಬರೋ ಮದ್ದು ಕೊಟ್ಟವ್ರಲ್ಲ, ಅದ್ಕೆ ಅಂಗನ್ನುಸ್ತದೆ."

ನೀನು ನನ್ನನ್ನು ನಂಬಿದೆ. ನಿನ್ನ ಕೈಯನ್ನು ನಂಬಲಿಲ್ಲ.

ಆ ಕೈ ಎಂಥದೆಂದು ಬೇಗೂರಿನ ಸುತ್ತಮುತ್ತ ಯಾರಿಗೆ ಗೊತ್ತಿಲ್ಲ? ಬೇಯಿಸಿ ಒಣಹಾಕಿದ ಅರಿಸಿನದ ಕೊಂಬುಗಳನ್ನು ಜನ ನಿನ್ನ ಜಗುಲಿಗೆ ತರುತ್ತಿದ್ದರು. ನೀನು ಒಂದು ಹಿಡಿ ಎತ್ತಿ, ತೂಗಿ ನೋಡಿ, ಇನ್ನೆರಡು ಬಿಸಿಲು ಬೇಕು ಎಂದರೆ ಅದೇ ಕೊನೆ ಮಾತು. ಮಂಡಿಯವರೂ ಅದನ್ನು ಮೀರುತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲಿನ ಸುಗ್ಗಿಯಲ್ಲಿ ಪಕ್ಕದ ಹೊಲದವರು ಕೊಂಬು ತಂದಾಗ ನೀನು ಮುಟ್ಟಲೇ ಇಲ್ಲ.

"ಬ್ಯಾಡ ಕಣ್ಲಾ. ನನ್ ಕೈ ಕೆಟ್ಟೋಗದೆ. ದೇವ್ರ ತೂಕವೇ ತಿಳೀದ ಕೈಗೆ ಅರಿಸ್ನದ ತೂಕ ಏನ್ ತಿಳಿದಾತು?"

ನಾನು ಅಲ್ಲೇ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದೆ. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ, ನನ್ನದು ಆರು ವರ್ಷ ಆ ಮನೆಯಲ್ಲಿ ಓಡಾಡಿಕೊಂಡಿತ್ತು. ತಾತನಿಗೆ ಅರಳು ಮರಳು ಎಂದು ಮನೆಯವರೆಲ್ಲ ನಕ್ಕಾಗ — ನಾನೂ ನಕ್ಕಿದ್ದೇನೆ.

ನಿನ್ನನ್ನು ಮಣ್ಣಿಗಿಡುವ ದಿನ, ಇದು ಅವರದೇ ಲಿಂಗ ತಾನೆ ಎಂದು ಅಯ್ಯನವರು ಎಲ್ಲರ ಎದುರು ನನ್ನನ್ನು ಕೇಳಿದರು. ತಲೆಯಾಡಿಸಿದೆ. ಅವರು ಅದನ್ನು ನಿನ್ನ ಎಡಗೈಗೆ ಇಟ್ಟು ಬೆರಳು ಮಡಿಸಿದರು.

ಕಳೆದ ಸೋಮವಾರ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಬೈಯಲಿಲ್ಲ. "ಸಾಯೋಗಂಟ ಆ ಕೈಯ ಬಯ್ಕೊಂಡೇ ಇದ್ದ ಕಣಮ್ಮಿ" ಎಂದು ಎದ್ದು ಹೊಲದ ಕಡೆ ಹೋದ. ಅಂದಿನಿಂದ ನನ್ನೊಡನೆ ಮಾತಿಲ್ಲ.

ನಿನ್ನನ್ನು ಕ್ಷಮೆ ಕೇಳುವ ಮುಖ ನನಗಿಲ್ಲ. ಈಗ ಅರಿಸಿನ ಬೇಯಿಸುವ ಕಾಲ. ನಿನ್ನ ಜಗುಲಿಗೆ ಬರುತ್ತಿದ್ದವರ ಮನೆಮನೆಗೂ ಹೋಗಿ, ಅಂಗಳದಲ್ಲಿ ನಿಂತು ಹೇಳುತ್ತೇನೆ — ತಾತನ ಕೈ ಕಡೆಯವರೆಗೂ ಸರಿಯಾಗಿಯೇ ಇತ್ತು.