ಎಣ್ಣೆ ಕಾಗದದಲ್ಲಿ ಕಂಡ ಚಿಕ್ಕಪ್ಪ

ಕೊಬ್ಬರಿ ಎಣ್ಣೆ ಹೀರಿದ ಕಾಗದದ ವಾಸನೆ ಎಲ್ಲಿ ಬಂದರೂ ನನ್ನ ಕಾಲು ಅಲ್ಲೇ ನಿಲ್ಲುತ್ತದೆ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ, ಹೇಳದೆ ಕೇಳದೆ ಹಳೆಯ ಮನೆಯೊಳಕ್ಕೆ ಎಳೆದೊಯ್ಯುವಂಥದು. ನನ್ನನ್ನು ಅದು ಐವತ್ತರ ದಶಕದ ಗ್ರಾಂಟ್ ರೋಡಿನ ಚಾಳಿಗೆ ಒಯ್ಯುತ್ತದೆ. ಮೂರನೆಯ ಮಾಳಿಗೆ, ನಡುವಿನ ಚೌಕವನ್ನು ಸುತ್ತುವರಿದ ಮರದ ಗ್ಯಾಲರಿ, ಅದರ ಕಟಕಟೆಯ ಮೇಲೆ ಒಣಗುವ ಸೀರೆಗಳು, ಅಮ್ಮನ ಒಗ್ಗರಣೆಯ ಘಾಟಿಗೆ ಸೀನುವ ಪಕ್ಕದ ಮನೆಯ ಮರಾಠಿ ಆಜಿ. ಅಪ್ಪ ಫೋರ್ಟಿನ ಆಫೀಸೊಂದರಲ್ಲಿ ಗುಮಾಸ್ತ. ಅವನ ಒಬ್ಬನೇ ತಮ್ಮ, ನನ್ನ ಚಿಕ್ಕಪ್ಪ, ಬೀದಿ ತುದಿಯ ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ. ರಜೆಯ ದಿನ ಅವನು ಬಂದರೆ ಮನೆಯಲ್ಲಿ ಯಾರ ಬಾಯಿಯೂ ಮುಚ್ಚುತ್ತಿರಲಿಲ್ಲ, ಅಷ್ಟು ನಗಿಸುತ್ತಿದ್ದ.

ಹೆಣ್ಣಿನವರಿಗೆ ತೋರಿಸಲು ಚಿಕ್ಕಪ್ಪನದೊಂದು ಒಳ್ಳೆಯ ಫೋಟೊ ಬೇಕೆಂದು ಊರಿನಿಂದ ಅಜ್ಜಿ ಹೇಳಿ ಕಳಿಸಿದಳು. ಸ್ಟುಡಿಯೊಗೆ ಹೋಗಿದ್ದರೆ ಮುಗಿಯುತ್ತಿತ್ತು. ಆದರೆ ಅಪ್ಪ ಆಗಷ್ಟೇ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮರಾ ತಂದು ಅದರ ಗುಂಗಿನಲ್ಲಿದ್ದ. ಅದರ ಕಿಂಡಿಯಲ್ಲಿ ಕಣ್ಣಿಟ್ಟರೆ ಎದುರಿನವರು ಎರಡಾಗಿ ಕಾಣುತ್ತಿದ್ದರು. ಲೆನ್ಸ್ ತಿರುಗಿಸುತ್ತ ಹೋಗಿ ಎರಡೂ ಬಿಂಬ ಒಂದರ ಮೇಲೊಂದು ಕೂತರೆ ಫೋಕಸ್ ಸರಿಯಾಯಿತೆಂದು ಲೆಕ್ಕ. ಬಿಸಿಲು ಚೆನ್ನಾಗಿದೆಯೆಂದು ಅಪ್ಪ ಚಿಕ್ಕಪ್ಪನನ್ನು ಎದುರು ಸಾಲಿನ ಗ್ಯಾಲರಿಗೆ ಕರೆದೊಯ್ದು, ಕಟಕಟೆಯ ಮುಂದೆ ಸ್ಟೂಲಿನ ಮೇಲೆ ಕೂರಿಸಿ ಫೋಟೊ ತೆಗೆದ. ತೊಳೆಸಿ ತಂದಾಗ ಚಿಕ್ಕಪ್ಪನ ಮುಖ ಮಸುಕು, ಬೆನ್ನ ಹಿಂದಿನ ಕಟಕಟೆ ಮಾತ್ರ ಕಣ್ಣಿಗೆ ಹೊಡೆದಂತೆ ಸ್ಪಷ್ಟ. ಅಪ್ಪ ಭೂತಗನ್ನಡಿ ಹಿಡಿದು, "ನೋಡು, ಮರದ ಬಿರುಕು ಸಹ ಕಾಣ್ತದೆ. ಇವನ ಮೂತಿ ಮಾತ್ರ ಇಲ್ಲ," ಎಂದ.

"ಹಾಗಾದ್ರೆ ಹೆಣ್ಣು ಆ ಮರವನ್ನೇ ಮದುವೆ ಆಗ್ಲಿ ಮಾರಾಯ," ಎಂದ ಚಿಕ್ಕಪ್ಪ. ಒಬ್ಬರಾದ ಮೇಲೊಬ್ಬರು ಭೂತಗನ್ನಡಿಯಲ್ಲಿ ಆ ಬಿರುಕನ್ನು ನೋಡಿ ನಕ್ಕೆವು.

ಮುಂದಿನ ರಜೆಗೆ ಅಪ್ಪ ಕ್ಯಾಮರಾದ ಪರೀಕ್ಷೆಗೆ ಕೂತ. ಹಿಂಬದಿಯ ಮುಚ್ಚಳ ತೆಗೆದು, ಫಿಲ್ಮ್ ಇರುವ ಜಾಗದಲ್ಲಿ ಕೊಬ್ಬರಿ ಎಣ್ಣೆ ಸವರಿದ ತೆಳು ಕಾಗದ ಬಿಗಿದ. ಷಟರ್ ತೆರೆದು ಹಿಡಿದರೆ ಫಿಲ್ಮಿನ ಮೇಲೆ ಬೀಳುವ ಚಿತ್ರ ಆ ಕಾಗದದ ಮೇಲೆ ಬೀಳುತ್ತಿತ್ತು, ತಲೆಕೆಳಗಾಗಿ. ಕಿಂಡಿ ಸರಿಯೆಂದದ್ದು ಕಾಗದದಲ್ಲೂ ಸರಿ ಬರುತ್ತದೋ ಇಲ್ಲವೋ ನೋಡಬೇಕು. ಹತ್ತಿರದ ಫೋಕಸ್ಸನ್ನು ಪುಟ್ಟ ಸ್ಕ್ರೂ ತಿರುಗಿಸಿ ಹೊಂದಿಸಿಯಾಗಿತ್ತು, ಇನ್ನು ದೂರದ್ದು. ಕ್ಯಾಮರಾ ನಮ್ಮ ಬಾಗಿಲಿನ ಮುಂದೆ ಮೇಜಿನ ಮೇಲೆ; ಚಿಕ್ಕಪ್ಪ ಚೌಕದಾಚೆ, ಅದೇ ಎದುರು ಗ್ಯಾಲರಿಯಲ್ಲಿ, ಮಸಿಯಿಂದ ದಪ್ಪ ಗೆರೆ ಎಳೆದ ಹಾಳೆ ಹಿಡಿದು ನಿಂತಿದ್ದ. ಚಾಳೀಸು ಬಂದಿದ್ದ ಅಪ್ಪ, "ನಿನ್ನ ಕಣ್ಣು ಚುರುಕು ಮಗಳೇ, ಗೆರೆ ಬಿಡಿಬಿಡಿಯಾಗಿ ಕಂಡ ಕೂಡಲೇ ಹೇಳು," ಎಂದು ನನ್ನ ತಲೆಗೆ ತನ್ನ ಕರಿ ಕೋಟು ಹೊದಿಸಿ, ಗುಂಡಿ ಒತ್ತಿ ಹಿಡಿದ.

ಕತ್ತಲೆಯಲ್ಲಿ, ಎಣ್ಣೆಯ ವಾಸನೆಯಲ್ಲಿ, ಭೂತಗನ್ನಡಿಯೊಳಗೆ ಬೆರಳುಗುರಿನಷ್ಟು ಚಿಕ್ಕಪ್ಪ ತಲೆಕೆಳಗಾಗಿ ನಿಂತಿದ್ದ. ಗೆರೆ ಕಾಣುವುದಿಲ್ಲ, ಕಪ್ಪಾಗಿದೆ ಎಂದೆ. ಅಪ್ಪ ಕೂಗಿದ: "ಇನ್ನು ಸ್ವಲ್ಪ ಬಾಗು ಮಾರಾಯ, ಹಾಳೆಗೆ ಬಿಸಿಲು ಬೀಳ್ಲಿ!" ಚಿಕ್ಕಪ್ಪ ಕಟಕಟೆಗೆ ಎದೆಯಾನಿಸಿ ಬಾಗಿದ. ಗೆರೆಗಳು ಬೆಳ್ಳಗೆ, ಕಪ್ಪಗೆ, ಒಂದೊಂದೂ ಬಿಡಿಯಾಗಿ ನಿಂತವು. "ಅಪ್ಪಾ, ಈಗ ಸರಿ!" ಎಂದು ನಾನು ಕೂಗುತ್ತಿರುವಾಗಲೇ ಚಿಕ್ಕಪ್ಪ ಸರ್ರನೆ ಮೇಲಕ್ಕೆ ಹೋಗಿ ಕಾಗದದ ಅಂಚು ದಾಟಿ ಮಾಯವಾದ. ಅವನದೇ ಏನೋ ಆಟವೆಂದು ನಾನು ನಕ್ಕುಬಿಟ್ಟೆ. ಆಮೇಲೆ ಕೆಳಗಿನ ಚೌಕದಿಂದ ಸದ್ದು ಬಂತು.

ಕೋಟು ಸರಿಸಿ ನೋಡಿದರೆ ಎದುರಿನ ಕಟಕಟೆಯಲ್ಲಿ ಬಾಗಿಲಿನಷ್ಟು ಅಗಲದ ಖಾಲಿ. ಅಮ್ಮ ಕಿರುಚುತ್ತ ಮೆಟ್ಟಿಲಿಳಿದು ಓಡಿದಳು. ಅಪ್ಪ ಮಾತ್ರ ಗುಂಡಿ ಒತ್ತಿಕೊಂಡೇ ನಿಂತಿದ್ದ. ಅವನ ಬೆರಳನ್ನು ಪಕ್ಕದ ಮನೆಯ ಆಜಿ ಬಿಡಿಸಬೇಕಾಯಿತು.

ಅಜ್ಜಿ ಕೇಳಿದ ಫೋಟೊ ಕೊನೆಗೂ ಊರಿಗೆ ಹೋಯಿತು, ಹಾರ ಹಾಕುವುದಕ್ಕೆ. ಬೇರೆ ಯಾವುದೂ ಇಲ್ಲದ್ದರಿಂದ ಆ ಮಸುಕು ಫೋಟೊವನ್ನೇ ದೊಡ್ಡದು ಮಾಡಿಸಿದ್ದರು. ಕಳಿಸುವ ಮುಂಚೆ ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದ. ಅವನ ಬೆರಳು ತಮ್ಮನ ಮುಖದ ಮೇಲಿರಲಿಲ್ಲ. ಕಟಕಟೆ ಕಂಬಕ್ಕೆ ಸೇರುವ ಕಡೆ, ಆ ಬಿರುಕಿನ ಮೇಲಿತ್ತು. "ಕಂಡಿತ್ತಲ್ಲ," ಎಂದ. ಮತ್ತೆ ಆ ಕ್ಯಾಮರಾ ಮುಟ್ಟಲಿಲ್ಲ.

ಚಾಳು ಉರುಳಿ ಎಷ್ಟೋ ವರ್ಷವಾಯಿತು. ಅಪ್ಪ, ಅಮ್ಮ, ಅಜ್ಜಿ ಯಾರೂ ಇಲ್ಲ. ಫೋಟೊ ಘಾಟ್ಕೋಪರಿನ ನನ್ನ ಮನೆ ಸೇರಿದೆ. ಚಿಕ್ಕಪ್ಪನ ಮುಖವನ್ನು ನೆನಪಿಸಿಕೊಳ್ಳಲು ನೋಡುತ್ತೇನೆ. ನಗು ಕೇಳಿಸುತ್ತದೆ, ಮುಖ ಮಾತ್ರ ಬರುವುದಿಲ್ಲ. ಕಣ್ಣು ಮುಚ್ಚಿದರೆ ಆ ಬಿರುಕು ಕಾಣುತ್ತದೆ, ಎಳೆ ಎಳೆಯಾಗಿ.