ಉಜ್ಜಕ್ಕನ ಅಕ್ರಿಲಿಕ್ ಸೈನ್ಯ

ಟ್ರೋಫಿ, ಕೀ ಗೊಂಚಲು, ಬಾಗಿಲಿನ ಹೆಸರುಫಲಕ ಮಾಡುವ ಆ ವರ್ಕ್‌ಶಾಪಿನಲ್ಲಿ ಲೇಸರ್ ಮಷೀನು ನಡೆಸುವವನನ್ನು ಎಲ್ಲರೂ ವಿಜ್ಞಾನಿ ಅಂತಲೇ ಕರೆಯುತ್ತಿದ್ದರು. ಹೊಗಳಿಕೆ ಅಂದುಕೊಳ್ಳಬೇಡಿ. ಕೆಲಸಕ್ಕೆ ಸೇರಿದ ಮೊದಲ ದಿನವೇ ಅವನು ಬೆಳಕು ಹೇಗೆ ಪ್ಲಾಸ್ಟಿಕ್ಕನ್ನು ಕೊರೆಯುತ್ತದೆ ಅಂತ ಅರ್ಧ ಗಂಟೆ ಭಾಷಣ ಬಿಗಿದಿದ್ದ. ಅಷ್ಟು ಹೊತ್ತೂ ಅವನ ಬೆನ್ನ ಹಿಂದೆ ಮಷೀನಿನೊಳಗಿನ ಹಲಗೆ ಹೊಗೆಯಾಡುತ್ತಿತ್ತು. ಒದ್ದೆ ಬಟ್ಟೆ ಹಾಕಿ ಅದನ್ನು ಆರಿಸಿದವಳು ಉಜ್ಜಕ್ಕ. ಹೆಸರಿಟ್ಟವಳೂ ಅವಳೇ. ಇಪ್ಪತ್ತಾರು ವರ್ಷದ ಈ ವಿಜ್ಞಾನಿಗೆ ನಿಜವಾಗಿ ಗೊತ್ತಿದ್ದದ್ದು ಮಷೀನಿನ ನಾಲ್ಕು ಗುಂಡಿ. ಐದನೆಯದರ ಮೇಲೆ ಮಾಲೀಕರು ಟೇಪು ಅಂಟಿಸಿಬಿಟ್ಟಿದ್ದರು.

ಉಜ್ಜಕ್ಕನ ಕೆಲಸ ಅವಳ ಹೆಸರಿನಲ್ಲೇ ಇತ್ತು. ಗರಗಸದಿಂದ ಬಂದ ಅಕ್ರಿಲಿಕ್ಕಿನ, ಅಂದರೆ ಗಾಜಿನಂಥ ಪ್ಲಾಸ್ಟಿಕ್ಕಿನ, ತುಂಡಿನ ಅಂಚು ಉಸಿರು ಬಿಟ್ಟ ಕನ್ನಡಿಯ ಹಾಗೆ ಮಬ್ಬಾಗಿರುತ್ತದೆ. ಒರಟು ಮರಳುಕಾಗದದಿಂದ ಶುರುಮಾಡಿ, ನೀರು ಚಿಮುಕಿಸುತ್ತಾ, ನಯದ್ದು, ಅದಕ್ಕಿಂತ ನಯದ್ದು ಅಂತ ಐದು ಮೆಟ್ಟಿಲು ಇಳಿದು, ಕೊನೆಗೆ ಪಾಲಿಶ್ ಬಟ್ಟೆಯಲ್ಲಿ ತಿಕ್ಕಿದಾಗ ಆಚೆ ಬದಿ ಕಾಣಬೇಕು. ಹತ್ತೊಂಬತ್ತು ವರ್ಷ ಉಜ್ಜಿ ಉಜ್ಜಿ ಅವಳ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಹಾಜರಿ ಹಾಕುವ ಬೆರಳಚ್ಚಿನ ಡಬ್ಬಿ ದಿನಾ ಬೆಳಿಗ್ಗೆ ಅವಳ ಗುರುತಿಲ್ಲ ಅನ್ನುತ್ತಿತ್ತು. "ಮೊನ್ನೆ ಬಂದೋನು ನೀನು, ನಿನ್ನ ಗುರುತು ಯಾರಿಗಿದೆಯೋ?" ಅಂತ ಡಬ್ಬಿಗೇ ಬೈದು ಅವಳು ಒಳಗೆ ಬರುತ್ತಿದ್ದಳು. ಬೆರಳನ್ನು ನಂಬುವ ಹಾಗಿಲ್ಲದ್ದರಿಂದ ಅಂಚು ನಯವಾಯಿತೋ ಇಲ್ಲವೋ ಅಂತ ಕೆಳತುಟಿಗೆ ಸವರಿ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಾ ಕೇಳಿದಳು:

"ಏ ವಿಜ್ಞಾನಿ, ಚದುರಂಗದ ಕಾಯಿ ಮಾಡಕ್ಕಾಗುತ್ತಾ? ಮುಟ್ಟಿದ್ರೆ ಗೊತ್ತಾಗೋ ಥರದ್ದು?"

"ಯಾರಿಗಕ್ಕಾ?"

"ನಮ್ಮನೆಯವ್ರಿಗೆ."

ಅವಳ ಗಂಡ ವಾಚ್ ರಿಪೇರಿಯವರು. ಕೂದಲಿಗಿಂತ ಸಣ್ಣ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತುತ್ತಿದ್ದ ಮನುಷ್ಯನಿಗೆ ಈಗ ಎದುರಿಗೆ ಕೂತ ಹೆಂಡತಿಯ ಮುಖವೂ ಬರೀ ನೆರಳು. ಮದುವೆಯಾದಂದಿನಿಂದ ಸಂಜೆಯ ಚದುರಂಗ ತಪ್ಪಿಸಿದವರಲ್ಲ. ಉಜ್ಜಕ್ಕ ಆಟದಲ್ಲಿ ಮಹಾ ಮೋಸಗಾತಿ. ಅವರು ಚಹಾಕ್ಕೆ ತಲೆ ತಿರುಗಿಸಿದರೆ ಸಾಕು, ಅವರದೊಂದು ಕಾಯಿ ಇವಳ ಮಡಿಲಿಗೆ. "ಕಳ್ಳಿ! ಇಡು ವಾಪಸ್ಸು!" ಅಂತ ಅವರು ಕೂಗಿದರೆ ಅಕ್ಕಪಕ್ಕದ ಮನೆಯವರು ಗಂಟೆ ಏಳಾಯಿತು ಅಂದುಕೊಳ್ಳುತ್ತಿದ್ದರು.

"ಆಟ ನಿಂತು ಮೂರು ತಿಂಗಳಾಯ್ತು ಕಣೋ," ಅಂದಳು ಉಜ್ಜಕ್ಕ. "ಕೊನೇ ಸಲ ಆಡ್ದಾಗ ಮಂತ್ರೀನೇ ಎಗರಿಸ್ದೆ. ಗೊತ್ತಾಗ್ಲಿಲ್ಲ ಅವ್ರಿಗೆ. ನಾನೇ ಹೇಳ್ದೆ, ನೋಡ್ರೀ ಕದ್ದಿದೀನಿ ಅಂತ. ‘ಇರ್ಲಿ ಬಿಡು’ ಅಂದು ಗೋಡೆ ಕಡೆ ತಿರುಗಿ ಕೂತ್ರು. ಇವತ್ತಿಗೂ ಹಾಗೇ ಕೂತಿದಾರೆ." ಡಬ್ಬಿಯ ಮುಚ್ಚಳವನ್ನು ಬೇಕಿಲ್ಲದೆ ಇನ್ನೊಮ್ಮೆ ತಿರುಗಿಸಿದಳು. "ಒಂದ್ಸಲ ಕಳ್ಳಿ ಅಂತ ಬೈಸ್ಕೋಬೇಕು ನಾನು."

ವಿಜ್ಞಾನಿಗೆ ತಕ್ಷಣ ಒಂದು ಭಾಷಣ ಹೊಳೆಯಿತಾದರೂ ಪುಣ್ಯಕ್ಕೆ ನುಂಗಿಕೊಂಡ.

ಕಾಯಿ ಒಂದಿಂಚು ದಪ್ಪ ಇರಬೇಕು, ಮುಷ್ಟಿಗೆ ಸಿಗಬೇಕು, ಕೈ ತಾಗಿದರೆ ಉರುಳಬಾರದು. ಮೇಲ್ಮೈಯಲ್ಲಿ ಆನೆ, ಕುದುರೆ, ಒಂಟೆಯ ಗುರುತನ್ನು ಲೇಸರ್ ಆಳವಾಗಿ ಕೊರೆಯುತ್ತದೆ. ಬಿಳಿ ಯಾವುದು, ಕಪ್ಪು ಯಾವುದು ಅಂತ ಬೆರಳಿಗೆ ತಿಳಿಯುವುದು ಹೇಗೆ? ಆ ಉಪಾಯ ಉಜ್ಜಕ್ಕನದು: ಹದಿನಾರರ ಅಂಚು ನಯ, ಹದಿನಾರರ ಅಂಚು ಗರಗಸ ಬಿಟ್ಟ ಹಾಗೇ ಒರಟು.

ಆದರೆ ವರ್ಕ್‌ಶಾಪಿನಲ್ಲಿದ್ದ ಅತಿ ದಪ್ಪದ ಹಾಳೆ ಎಂಟೇ ಮಿಲ್ಲಿಮೀಟರು. ಭಾನುವಾರ ಇಬ್ಬರೂ ಮೀನಿನ ತೊಟ್ಟಿ ಮಾಡುವವನ ಹಿತ್ತಲಿಗೆ ಹೋದರು. ಅಲ್ಲಿ ರಾಶಿ ಬಿದ್ದ ಚೂರುಗಳಲ್ಲಿ ಥಳಥಳ ಹೊಳೆಯುವ ಒಂದನ್ನು ವಿಜ್ಞಾನಿ ಎತ್ತಿಕೊಂಡು, "ಇದೇ ಅಕ್ಕಾ!" ಅಂದ. ಅಕ್ರಿಲಿಕ್ಕಿನಲ್ಲಿ ಎರಡು ಬಗೆ. ಅಚ್ಚಿಗೆ ಹೊಯ್ದದ್ದರ ಮೇಲೆ ಲೇಸರ್ ಗೆರೆ ಹಾಲಿನಂತೆ ಬೆಳ್ಳಗೆ, ಚೂಪಾಗಿ ಏಳುತ್ತದೆ. ಯಂತ್ರದಲ್ಲಿ ಒತ್ತಿ ಎಳೆದದ್ದು ಕರಗಿ ಅಂಟಂಟಾಗುತ್ತದೆ. ಕಣ್ಣಿಗೆ ಎರಡೂ ಅವಳಿ ಜವಳಿ. ಉಜ್ಜಕ್ಕ ಚೀಲದಿಂದ ಪುಟ್ಟ ಗರಗಸ ತೆಗೆದು ಅಂಚಿಗೆ ನಾಲ್ಕು ಸಲ ಎಳೆದಳು. ಪುಡಿ ಉದುರುವ ಬದಲು ಎಳೆಎಳೆಯಾಗಿ ಗರಗಸದ ಹಲ್ಲಿಗೆ ಮೆತ್ತಿಕೊಂಡಿತು.

"ನಿನ್ನ ಹಾಗೇ. ಹೊಳಪು ಜಾಸ್ತಿ, ಬಿಸಿ ತಾಗಿದ್ರೆ ಅಂಟು."

ಕೊನೆಗೆ ಸಿಕ್ಕಿದ್ದು ಒಡೆದ ಅಕ್ರಿಲಿಕ್ ತೊಟ್ಟಿಯೊಂದರ ಒಂದಿಂಚು ದಪ್ಪದ ಗೋಡೆ. ಮೈತುಂಬ ಗೀರು, ಮೂಲೆಯಲ್ಲಿ ಒಣಗಿದ ಪಾಚಿ. ಗರಗಸ ಎಳೆದರೆ ಪುಡಿ ಉಪ್ಪಿನಂತೆ ಉದುರಿತು. "ತಗೊಂಡ್ಹೋಗಿ ತಾಯಿ, ಎರಡು ವರ್ಷದಿಂದ ಎಡವ್ತಾ ಇದೀನಿ," ಅಂದ ತೊಟ್ಟಿಯವನು. ಅಳೆದು ಸುರಿದು ಕತ್ತರಿಸಿದರೆ ಸರಿಯಾಗಿ ಮೂವತ್ತೆರಡು ತುಂಡು. ಒಂದೂ ಹೆಚ್ಚಿಲ್ಲ.

ಬಿಡುವಿನಲ್ಲಿ ವಿಜ್ಞಾನಿ ಅಷ್ಟರ ಮೇಲೂ ಗುರುತು ಕೊರೆದ. ಕುದುರೆಗಳು ಸ್ವಲ್ಪ ಕತ್ತೆಯಂತೆ ಬಂದವು. ಬೆರಳಿಗೆ ಅಷ್ಟು ಸೂಕ್ಷ್ಮ ತಿಳಿಯುವುದಿಲ್ಲ ಅಂತ ಸಮಾಧಾನ ಮಾಡಿಕೊಂಡ. ಇನ್ನುಳಿದದ್ದು ಹದಿನಾರರ ಅಂಚು ಉಜ್ಜುವುದು. ಅಷ್ಟರಲ್ಲಿ ಉಜ್ಜಕ್ಕ ಗಂಡನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಲು ಅರ್ಧ ದಿನ ರಜೆ ಹಾಕಿದಳು. ವಿಜ್ಞಾನಿಯ ಎದೆಯಲ್ಲಿ ಉಪಕಾರ ಉಕ್ಕಿತು. ಅಕ್ಕನಿಗೆ ಹತ್ತು ದಿನದ ಕೆಲಸ, ಗ್ಯಾಸ್ ಟಾರ್ಚಿನ ಜ್ವಾಲೆ ಸವರಿದರೆ ಹತ್ತು ನಿಮಿಷದ್ದು! ಸವರಿದ. ಮಬ್ಬು ಅಂಚುಗಳು ಒಂದೊಂದಾಗಿ ನೀರಿನಂತೆ ತಿಳಿಯಾದವು. ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಬೆರಳಿನ ಕಲೆಯೂ ಇರಬಾರದೆಂದು ಹದಿನಾರನ್ನೂ ಸ್ಪಿರಿಟ್ಟಿನಲ್ಲಿ ಒರೆಸಿಟ್ಟ.

ಕೈ ತೊಳೆದು ಬರುವಷ್ಟರಲ್ಲಿ ಎಲ್ಲವೂ ಬಿರುಕು ಬಿಟ್ಟಿದ್ದವು. ಅಂಚಿನ ತುಂಬ ಜೇಡರ ಬಲೆಯಂಥ ಸಣ್ಣ ಸಣ್ಣ ಸೀಳು. ಬೆಂಕಿ ತೋರಿಸಿದ ಅಂಚಿಗೆ ಸ್ಪಿರಿಟ್ ತೋರಿಸಬಾರದು ಅಂತ ಉಜ್ಜಕ್ಕ ಹೇಳಿದ್ದಳು. ಯಾವತ್ತು? ಅವನು ಭಾಷಣ ಬಿಗಿಯುತ್ತಿದ್ದ ಆ ಮೊದಲ ದಿನ.

ಮರುದಿನ ಬೆಳಿಗ್ಗೆ ಅವನು ಹದಿನಾರನ್ನೂ ಅವಳ ಮೇಜಿನ ಮೇಲೆ ಸಾಲಾಗಿಟ್ಟು ಪಕ್ಕದಲ್ಲಿ ನಿಂತ. ಬಚ್ಚಿಟ್ಟುಬಿಡೋಣ ಅಂತ ರಾತ್ರಿಯೆಲ್ಲ ಅನ್ನಿಸಿತ್ತು, ಆದರೆ ಕಳ್ಳತನದಲ್ಲಿ ಅವಳೆದುರು ಗೆಲ್ಲುವ ಮಾತೇ ಇರಲಿಲ್ಲ.

"ನಾನೇ ಅಕ್ಕಾ. ಬೆಂಕಿ ಹಿಡಿದೆ. ಆಮೇಲೆ ಸ್ಪಿರಿಟ್ಟು."

ಉಜ್ಜಕ್ಕ ಒಂದು ಆನೆಯನ್ನು ಎತ್ತಿ ಕೆಳತುಟಿಗೆ ಸವರಿದಳು. ಆಮೇಲೆ ಉಗುರು ಎಳೆದಳು. ಉಗುರು ತಡೆತಡೆದು ಸಾಗಿತು.

"ಡಾಕ್ಟ್ರು ಏನಂದ್ರಕ್ಕಾ?"

"ಇದ್ದಷ್ಟು ಇರುತ್ತೆ, ಹೋಗಿದ್ದು ಬರಲ್ಲ ಅಂದ್ರು." ಆನೆಯನ್ನು ಕೆಳಗಿಟ್ಟಳು. "ಇವೇ ಒರಟಿನ ಕಡೆ ಆಗ್ಲಿ. ಆ ಹದಿನಾರು ನಯ ಮಾಡ್ಬೇಕು ಈಗ. ಕೂತ್ಕೋ."

"ನಾನಾ?"

"ಇನ್ನೇನು, ನಿಮ್ಮಪ್ಪನ್ನ ಕರೀಲಾ? ನೀರು ತಗೊಂಬಾ."

ಹನ್ನೆರಡು ದಿನ ಊಟದ ಹೊತ್ತಿನಲ್ಲಿ ವಿಜ್ಞಾನಿ ಉಜ್ಜಿದ. ಆಯಿತು ಅಂತ ಅವನು ಕೊಟ್ಟದ್ದನ್ನೆಲ್ಲ ಅವಳು ತುಟಿಗೆ ಸವರಿ ವಾಪಸ್ಸು ಎಸೆಯುತ್ತಿದ್ದಳು. ಹದಿಮೂರನೆಯ ದಿನ ಹಾಜರಿ ಡಬ್ಬಿ ಅವನ ಗುರುತೂ ಇಲ್ಲ ಅಂದಿತು. ಅವತ್ತು ಅವಳು ಯಾವುದನ್ನೂ ಎಸೆಯಲಿಲ್ಲ.

ಆ ಸಂಜೆ ಅವನನ್ನು ಮನೆಗೆ ಕರೆದೊಯ್ದಳು. ಒಂದೇ ಕೋಣೆ. ಗೋಡೆ ಕಡೆ ಮುಖ ಮಾಡಿದ ಕುರ್ಚಿ. ಹಲಗೆಯ ಮನೆಗಳ ನಡುವೆ ದಾರ ಅಂಟಿಸಿದ್ದಳು. ಅವಳು ಕುರ್ಚಿಯನ್ನು ತಿರುಗಿಸಿ, ಗಂಡನ ಒಂದು ಕೈಗೆ ನಯದ ಕಾಲಾಳನ್ನೂ ಇನ್ನೊಂದಕ್ಕೆ ಒರಟಿನದನ್ನೂ ಇಟ್ಟಳು. ಅವರು ಬಹಳ ಹೊತ್ತು ಸವರಿದರು. ಬಿರುಕಿನ ಮೇಲೆ ಉಗುರು ನಿಂತಿತು.

"ಇದನ್ನ ಯಾರೋ ಜಾಣ ಸ್ಪಿರಿಟ್ಟಲ್ಲಿ ಒರೆಸಿದಾನೆ."

ವಿಜ್ಞಾನಿ ಒಂದು ಹೆಜ್ಜೆ ಮುಂದೆ ಬಂದ. "ನಾನೇ ಸರ್. ನಿಮಗೆ ಹೇಗೆ..."

"ಹಳೇ ವಾಚಿನ ಗಾಜೂ ಇದೇ ಮಾಲಲ್ವೇನಪ್ಪಾ? ನನ್ನ ಕೈಯಲ್ಲೂ ಒಂದು ಡಜನ್ ಹೋಗಿವೆ, ನಿನ್ನ ವಯಸ್ಸಲ್ಲಿ." ಅವರು ನಯದ್ದನ್ನು ಹೆಂಡತಿಯ ಕಡೆ ತಳ್ಳಿದರು. "ಸುಕ್ಕು ಬಿದ್ದ ಸೈನ್ಯ ನಂಗಿರ್ಲಿ. ಇವರ ಪರಿಚಯ ಇದೆ ನಂಗೆ."

ಆಟ ಶುರುವಾಯಿತು. ನಿಧಾನಕ್ಕೆ, ಪ್ರತಿ ನಡೆಗೂ ಅವರ ಬೆರಳು ಹಲಗೆಯನ್ನೆಲ್ಲ ಸುತ್ತಿ ಬರುತ್ತಿತ್ತು. ಎಂಟನೆಯ ನಡೆಗೆ ಚಹಾ ಬಂತು. ಅವರು ಲೋಟಕ್ಕೆ ಕೈ ಚಾಚಿದ ಹೊತ್ತಿನಲ್ಲಿ ಉಜ್ಜಕ್ಕ ವಿಜ್ಞಾನಿಯನ್ನು ದುರುಗುಟ್ಟಿ ನೋಡಿ, ಅವರ ಮಂತ್ರಿಯನ್ನು ಮೆಲ್ಲಗೆ ಎತ್ತಿ ಮಡಿಲಿಗೆ ಹಾಕಿಕೊಂಡಳು. ಆಮೇಲೆ ಅವರ ಬೆರಳನ್ನೇ ನೋಡುತ್ತಾ ಕೂತಳು.

ಅವರು ಚಹಾ ಗುಟುಕರಿಸಿದರು. ಲೋಟ ಕೆಳಗಿಟ್ಟರು. ಬೆರಳು ಆನೆ ದಾಟಿತು, ವಿಜ್ಞಾನಿಯ ಕತ್ತೆಮುಖದ ಕುದುರೆ ದಾಟಿತು, ರಾಜನ ಪಕ್ಕದ ಖಾಲಿ ಮನೆಗೆ ಬಂದು ನಿಂತಿತು. ಆ ಚೌಕವನ್ನು ಎರಡು ಸಲ ಸವರಿತು.

"ಕಳ್ಳಿ," ಅಂದರು ಅವರು. "ಇಡು ವಾಪಸ್ಸು."

"ಯಾವುದ್ರೀ?" ಅಂದಳು ಉಜ್ಜಕ್ಕ. ಸ್ವರ ಒದ್ದೆಯಾಗಿತ್ತು, ಆದರೆ ಮಂತ್ರಿಯನ್ನು ಮಾತ್ರ ಅವಳು ಬಿಡಲಿಲ್ಲ.